ತುಕ್ಕನ್ನು ಮುಚ್ಚುವುದಲ್ಲ, ತೆಗೆಯುವುದು

(ಒಕ್ಕೂಟದ ಬೇಸಿಗೆ ಶಿಬಿರದಲ್ಲಿ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ಕೃಷಿ ವಿಜ್ಞಾನಿಯೊಬ್ಬ ಮಾತನಾಡಲು ನಿಂತರೆ ಅಡಿಕೆಯ ಕೊಳೆರೋಗದ ಬಗ್ಗೆಯೋ ಮಣ್ಣಿನ ಹುಳಿತನದ ಬಗ್ಗೆಯೋ ಹೇಳುತ್ತಾನೆಂದು ನಿರೀಕ್ಷಿಸುವುದು ಸಹಜ. ಇಂದು ನಾನು ಆಯ್ದುಕೊಂಡಿರುವ ವಿಷಯ ಹಳೆಯ ಪಿಕಪ್ ವಾಹನದ ತುಕ್ಕು ಹಿಡಿದ ತಗಡುಗಳನ್ನು ಸರಿಪಡಿಸುವ ಬಗೆ. ಪರಿಸರದ ಚಿಂತನೆಗೆ ಮೀಸಲಾದ ವೇದಿಕೆಯಲ್ಲಿ ಇದೇನು ಗ್ಯಾರೇಜಿನ ಮಾತು ಎಂದು ಕೆಲವರಿಗಾದರೂ ಅನ್ನಿಸಬಹುದು. ಆದರೆ ಮಳೆ, ಮಣ್ಣು, ಗೊಬ್ಬರ, ಕಬ್ಬಿಣ ಈ ನಾಲ್ಕೂ ಕೂಡುವ ಜಾಗವೊಂದು ನಮ್ಮ ಊರುಗಳಲ್ಲಿ ಇದ್ದರೆ ಅದು ಪಿಕಪ್ಪಿನ ಸರಕಿನ ತೊಟ್ಟಿ. ಆದ್ದರಿಂದ ಈ ವಿಷಯ ನನ್ನ ವಿದ್ಯೆಗೂ ನಿಮ್ಮ ಬದುಕಿಗೂ ದೂರದ್ದಲ್ಲ.

ಮಲೆನಾಡಿನ ಹಳ್ಳಿಯಲ್ಲಿ ಪಿಕಪ್ ಎಂಬುದು ವೈಭವದ ವಾಹನವಲ್ಲ. ಪೇಟೆಯಿಂದ ಗೊಬ್ಬರ, ಮೈಲುತುತ್ತ ತರುವುದು ಅದೇ. ಅಡಿಕೆಯನ್ನು ಮಂಡಿಗೆ ಒಯ್ಯುವುದು ಅದೇ. ಆಷಾಢದ ನಡುರಾತ್ರಿ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವುದೂ ಎಷ್ಟೋ ಸಲ ಅದೇ. ಹೀಗೆ ನಾಲ್ಕಾರು ಮನೆಗಳಿಗೆ ಆಧಾರವಾಗಿರುವ ವಾಹನದ ಎಂಜಿನ್ ಇನ್ನೂ ಗಟ್ಟಿಯಾಗಿರುವಾಗಲೇ ಅದರ ಮೈ ಕರಗಿ ಹೋಗುವುದನ್ನು ನಾವು ವರ್ಷ ವರ್ಷವೂ ನೋಡುತ್ತಿದ್ದೇವೆ. ಬಯಲುಸೀಮೆಯಲ್ಲಿ ಇಪ್ಪತ್ತು ವರ್ಷ ಬಾಳುವ ತಗಡು ಇಲ್ಲಿ ಅದರ ಅರ್ಧಕ್ಕೇ ಜಾಳಾಗುತ್ತದೆ ಎಂದು ಚಾಲಕರು ಹೇಳುವ ಮಾತಿನಲ್ಲಿ ಹುರುಳಿದೆ.

ನಮ್ಮ ಕೇರಿಯ ನಾಲ್ಕು ಮನೆಗಳು ಸೇರಿ ಇಟ್ಟುಕೊಂಡಿರುವ ಹದಿನೇಳು ವರ್ಷದ ಪಿಕಪ್ಪಿನ ತಗಡಿನ ಕೆಲಸವನ್ನು ಕಳೆದ ಮಾಘ ಮಾಸದಲ್ಲಿ ಊರಿನ ಟಿಂಕರ್ ಒಬ್ಬರಿಂದ ಮಾಡಿಸಿದೆವು. ಆ ಹನ್ನೊಂದು ದಿನಗಳಲ್ಲಿ ನೋಡಿದ ಸಂಗತಿಗಳು ಮತ್ತು ಅವುಗಳ ಹಿಂದಿರುವ ವಿಜ್ಞಾನ, ಇವೆರಡನ್ನೂ ಜೋಡಿಸಿ ಹೇಳಲು ಯತ್ನಿಸುತ್ತೇನೆ.

ತುಕ್ಕು ಎಂದರೇನು?

ಕಬ್ಬಿಣವು ಭೂಮಿಯಲ್ಲಿ ಬಹುಪಾಲು ಆಮ್ಲಜನಕದೊಡನೆ ಕೂಡಿದ ಅದಿರಾಗಿಯೇ ದೊರೆಯುತ್ತದೆ. ಕುಲುಮೆಯಲ್ಲಿ ಅಪಾರ ಶಾಖವನ್ನು ಕೊಟ್ಟು ಆ ಆಮ್ಲಜನಕವನ್ನು ಬೇರ್ಪಡಿಸಿದಾಗ ಲೋಹ ದೊರೆಯುತ್ತದೆ. ನೀರೂ ಗಾಳಿಯೂ ಒಟ್ಟಾಗಿ ಸಿಕ್ಕಿದ ಕ್ಷಣದಿಂದ ಆ ಲೋಹ ತನ್ನ ಹಳೆಯ ಸ್ಥಿತಿಗೆ ಮರಳತೊಡಗುತ್ತದೆ. ಇದೇ ತುಕ್ಕು. ನೀರಿಲ್ಲದೆ ಬರಿಯ ಗಾಳಿಯಿಂದಾಗಲಿ, ಗಾಳಿಯಿಲ್ಲದೆ ಬರಿಯ ನೀರಿನಿಂದಾಗಲಿ ಸಾಮಾನ್ಯ ಉಷ್ಣತೆಯಲ್ಲಿ ಅದು ಹುಟ್ಟುವುದು ಕಷ್ಟ.

ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುತ್ತದೆ. ಅದು ಉಬ್ಬಿ, ಬಿರಿದು, ಉದುರಿ, ಒಳಗಿನ ಹೊಸ ಲೋಹವನ್ನು ಮತ್ತೆ ನೀರಿಗೆ ಒಡ್ಡುತ್ತದೆ. ಬಾಗಿಲಿನ ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದಿರುವುದನ್ನು ನೀವು ಕಂಡಿರಬಹುದು. ಆ ಗುಳ್ಳೆಯನ್ನು ಬಣ್ಣದ ದೋಷವೆಂದು ತಿಳಿಯಬಾರದು. ಕೆಳಗೆ ಉಬ್ಬಿದ ತುಕ್ಕು ಅದನ್ನು ಎತ್ತಿರುತ್ತದೆ. ಬಾಗಿಲು, ರೆಕ್ಕೆಗಳ ತಗಡಿನ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ. ಒಳಗಿನಿಂದಲೂ ಹೊರಗಿನಿಂದಲೂ ಸವೆಯತೊಡಗಿದರೆ ಅದು ಎಷ್ಟು ಕಾಲ ತಾಳೀತು?

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಒದ್ದೆಯಾದ ತಗಡಿನ ಮೇಲೆ ಅಸಂಖ್ಯ ಸಣ್ಣ ಬ್ಯಾಟರಿಗಳು ಕೆಲಸ ಮಾಡುತ್ತಿರುತ್ತವೆ. ಗಾಳಿ ಹೆಚ್ಚಾಗಿ ದೊರೆಯುವ ಭಾಗಕ್ಕೂ ಕಡಿಮೆಯಾಗಿ ದೊರೆಯುವ ಭಾಗಕ್ಕೂ ನಡುವೆ ವಿದ್ಯುತ್ತು ಹರಿಯುತ್ತದೆ. ಲೋಹವನ್ನು ಕಳೆದುಕೊಳ್ಳುವುದು ಗಾಳಿ ಕಡಿಮೆಯಿರುವ ಭಾಗ. ಆದ್ದರಿಂದಲೇ ಮಳೆ ನೇರವಾಗಿ ಬಡಿಯುವ ಬಾನೆಟ್ಟಿನ ನಡುಭಾಗ ವರ್ಷಗಟ್ಟಲೆ ಉಳಿಯುತ್ತದೆ. ಕೆಸರು ಮೆತ್ತಿಕೊಂಡ ಚಕ್ರದ ಕಮಾನು, ಎರಡು ತಗಡು ಮಡಚಿ ಕೂಡಿದ ಬಾಗಿಲಿನ ತಳ, ರಬ್ಬರ್ ಹಾಸಿನ ಅಡಿಯ ನೆಲ ಇವು ತೂತಾಗುತ್ತವೆ. ತಗಡನ್ನು ತಿನ್ನುವುದು ಹರಿದು ಹೋಗುವ ಮಳೆಗಿಂತ ಹೆಚ್ಚಾಗಿ ನಿಂತು ಅವಿತ ನೀರು. ಇಂದಿನ ನನ್ನ ಮಾತಿನ ತಿರುಳು ಇದೇ.

ನಮ್ಮ ಮಳೆ, ನಮ್ಮ ಗೊಬ್ಬರ

ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 60 ಪ್ರತಿಶತವನ್ನು ದಾಟಿದರೆ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂತು ತುಕ್ಕು ವೇಗವನ್ನು ಪಡೆಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸರಾಸರಿ ಮಳೆ ಬೀಳುವ ಆಗುಂಬೆಯಂತಹ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರ್ದ್ರತೆ ಆ ಗಡಿಗಿಂತ ಕೆಳಗೆ ಇಳಿಯುವುದೇ ಅಪರೂಪ. ಮಳೆ ಬೀಳದ ದಿನವೂ ತಗಡು ಒಣಗುವುದಿಲ್ಲ. ನಮ್ಮ ಹಿರಿಯರು ಮಳೆಗಾಲದಲ್ಲಿ ಕತ್ತಿ ಕುಡುಗೋಲುಗಳಿಗೆ ಎಣ್ಣೆ ಸವರಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದುದರ ಮರ್ಮ ಇದು. ಒಲೆಯ ಶಾಖ ಅಲ್ಲಿನ ಗಾಳಿಯನ್ನು ಒಣಗಿಸುತ್ತಿತ್ತು. ಎಣ್ಣೆ ನೀರಿನ ಪೊರೆಯನ್ನು ತಡೆಯುತ್ತಿತ್ತು.

ಇದರ ಮೇಲೆ ನಾವು ಹೇರುವ ಸರಕಿನ ಪ್ರಭಾವವಿದೆ. ಯೂರಿಯಾ ಗೊಬ್ಬರವು 30 ಡಿಗ್ರಿ ಉಷ್ಣತೆಯಲ್ಲಿ ಆರ್ದ್ರತೆ ಸುಮಾರು 73 ಪ್ರತಿಶತ ದಾಟಿದರೆ ಗಾಳಿಯಿಂದಲೇ ನೀರನ್ನು ಹೀರತೊಡಗುತ್ತದೆ. ಪೊಟ್ಯಾಷ್ ಗೊಬ್ಬರಕ್ಕೆ ಈ ಗಡಿ 84. ಆದರೆ ಎರಡೂ ಬೆರೆತರೆ ಗಡಿ 60ರ ಆಸುಪಾಸಿಗೆ ಇಳಿಯುತ್ತದೆ. ತೊಟ್ಟಿಯ ಮೂಲೆಯಲ್ಲಿ ಚೆಲ್ಲಿದ ಯೂರಿಯಾ ಮತ್ತು ಪೊಟ್ಯಾಷ್ ಬೆರೆತು ಬಿದ್ದಿದ್ದರೆ ಮಳೆಯಿಲ್ಲದ ದಿನವೂ ಅಲ್ಲಿ ನೀರು ಕೂಡುತ್ತದೆ ಎಂದಾಯಿತು. ಅದೂ ಬರಿಯ ನೀರಲ್ಲ, ಉಪ್ಪುನೀರು. ನಾವು ಬಳಸುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್. 50 ಕಿಲೋ ಚೀಲದಲ್ಲಿ 20 ಕಿಲೋಗೂ ಹೆಚ್ಚು ಕ್ಲೋರೈಡ್ ಇರುತ್ತದೆ. ಸಮುದ್ರತೀರದಲ್ಲಿ ಕಬ್ಬಿಣವನ್ನು ತಿನ್ನುವುದೂ ಇದೇ ಕ್ಲೋರೈಡ್. ಕರಾವಳಿಯಿಂದ ಘಟ್ಟ ಹತ್ತಿ ಬರುವ ಮೀನಿನ ಪೆಟ್ಟಿಗೆಗಳಿಂದ ಸೋರುವ ಮಂಜುಗಡ್ಡೆಯ ನೀರಿನ ಸ್ವಭಾವವೂ ಹೆಚ್ಚು ಭಿನ್ನವಲ್ಲ. ಹಸಿ ಸಗಣಿ ಗೊಬ್ಬರವಾದರೋ ಒದ್ದೆ ಬಟ್ಟೆಯಂತೆ ತಗಡಿಗೆ ಅಂಟಿ ದಿನಗಟ್ಟಲೆ ನೀರನ್ನು ಹಿಡಿದಿಡುತ್ತದೆ.

ಮೈಲುತುತ್ತದ ವಿಷಯ ಇನ್ನೂ ಗಂಭೀರವಾದುದು. 1910ರ ಸುಮಾರಿನಲ್ಲಿ ಮೈಸೂರು ಸಂಸ್ಥಾನದ ಸಸ್ಯರೋಗತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದಂದಿನಿಂದ ಮೈಲುತುತ್ತ ನಮ್ಮ ಮನೆಮಾತು. ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುವ ಪರೀಕ್ಷೆಯನ್ನು ಇಲ್ಲಿರುವ ಹಿರಿಯರೆಲ್ಲರೂ ಬಲ್ಲರು. ಅಲಗಿನ ಮೇಲೆ ಕೆಂಪು ಬಂದರೆ ಸುಣ್ಣ ಸಾಲದು ಎಂದು ಅರ್ಥ. ಆ ಕೆಂಪು ತಾಮ್ರ. ತಾಮ್ರ ಅಲಗಿನ ಮೇಲೆ ಕೂರಬೇಕಾದರೆ ಅಷ್ಟೇ ಪ್ರಮಾಣಕ್ಕೆ ಹೊಂದುವ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಿರಬೇಕು. ಹರಿದ ಚೀಲದಿಂದ ಮೈಲುತುತ್ತದ ಹರಳು ತೊಟ್ಟಿಯ ಮೇಲೆ ಬಿದ್ದು ನೀರು ತಾಗಿದಾಗ ನಡೆಯುವುದು ಇದೇ ಪರೀಕ್ಷೆ. ಅಲ್ಲಿ ಕೂತ ತಾಮ್ರ ಸುತ್ತಲಿನ ಕಬ್ಬಿಣದೊಡನೆ ಸೇರಿ ಬ್ಯಾಟರಿಯಾಗಿ ತುಕ್ಕನ್ನು ಇನ್ನಷ್ಟು ಹೆಚ್ಚಿಸುತ್ತದೆ. ನಮ್ಮ ಪಿಕಪ್ಪಿನ ತೊಟ್ಟಿಯಲ್ಲಿ ಅತಿ ದೊಡ್ಡ ತೂತು ಇದ್ದುದು ಹಿಂಬದಿಯ ಎಡಮೂಲೆಯಲ್ಲಿ. ಮೈಲುತುತ್ತದ ಚೀಲಗಳನ್ನು ಇಡುತ್ತಿದ್ದ ಜಾಗವೇ ಅದು.

ಪರೀಕ್ಷಿಸುವ ಕ್ರಮ

ದುರಸ್ತಿಯ ಮೊದಲ ಹೆಜ್ಜೆ ನೋಡುವುದು. ವಾಹನವನ್ನು ಅಡಿಯಿಂದ ಚೆನ್ನಾಗಿ ತೊಳೆದು ಎರಡು ದಿನ ಬಿಸಿಲಿಗೆ ಒಣಗಿಸಿ, ಆಸನವನ್ನೂ ಹಾಸನ್ನೂ ತೆಗೆದು ಪರೀಕ್ಷಿಸಬೇಕು. ಉಪಕರಣಗಳು ಮೂರು ಸಾಕು: ಸಣ್ಣ ಸುತ್ತಿಗೆ, ಸ್ಕ್ರೂ ಡ್ರೈವರ್, ಹಳೆಯ ಸ್ಪೀಕರಿನಿಂದ ತೆಗೆದ ಅಯಸ್ಕಾಂತ. ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತ ಹೋದರೆ ಗಟ್ಟಿ ತಗಡು ಖಣಿಲೆನ್ನುತ್ತದೆ, ಸವೆದದ್ದು ಮಂಕಾಗಿ ಸದ್ದು ಮಾಡುತ್ತದೆ. ಸಂದೇಹವಿದ್ದಲ್ಲಿ ಸ್ಕ್ರೂ ಡ್ರೈವರಿನ ಮೊನೆಯನ್ನು ಒತ್ತಿದರೆ ಉಳಿದುದು ತಿಳಿಯುತ್ತದೆ. ಬಣ್ಣ ನುಣುಪಾಗಿದ್ದೂ ಅಯಸ್ಕಾಂತ ಹಿಡಿಯದಿದ್ದರೆ ಅಲ್ಲಿ ಇರುವುದು ತಗಡಲ್ಲ, ದಪ್ಪನಾಗಿ ಬಳಿದ ಪುಟ್ಟಿ.

ನಮ್ಮ ವಾಹನದ ಬಲಬಾಗಿಲಿನ ತಳದಲ್ಲಿ ಒಂದು ಗೇಣು ಉದ್ದಕ್ಕೆ ಅಯಸ್ಕಾಂತ ಹಿಡಿಯಲಿಲ್ಲ. ಐದು ವರ್ಷಗಳ ಹಿಂದೆ ಪೇಟೆಯ ಗ್ಯಾರೇಜೊಂದರಲ್ಲಿ ಅದನ್ನು ‘ಸರಿ’ ಮಾಡಿದ್ದರು. ಟಿಂಕರ್ ಅದನ್ನು ಕೆತ್ತಿದಾಗ ಪುಟ್ಟಿಯ ಹಿಂದೆ ತುಂಬಿದ್ದ ಹಳೆಯ ಕಾಗದ, ಅದರ ಹಿಂದೆ ತುಕ್ಕಿನ ಪುಡಿ ಹೊರಬಂದವು. ಕಾಗದ ಇನ್ನೂ ಒದ್ದೆಯಾಗಿತ್ತು, ಮಾಘ ಮಾಸದಲ್ಲಿ! ಪಾಲಿಯೆಸ್ಟರ್ ಪುಟ್ಟಿ ನೀರನ್ನು ಹೀರುವ ವಸ್ತು. ತುಕ್ಕಿನ ಮೇಲೆ ಅದನ್ನು ಬಳಿದರೆ ಹೊರಗಿನಿಂದ ಕಾಣುವ ತುಕ್ಕು ಮರೆಯಾಗುತ್ತದೆ, ಒಳಗಿನ ತುಕ್ಕಿಗೆ ನೀರಿನ ದಾಸ್ತಾನು ದೊರೆಯುತ್ತದೆ. ಬಣ್ಣ ಹೊಳೆದ ಐದು ವರ್ಷಗಳಲ್ಲಿ ತೂತು ಎರಡು ಅಂಗುಲದಿಂದ ಒಂದು ಗೇಣಾಗಿತ್ತು.

ಪರೀಕ್ಷೆಯ ಬಳಿಕ ತುಕ್ಕನ್ನು ಮೂರು ಬಗೆಯಾಗಿ ವಿಂಗಡಿಸಿಕೊಳ್ಳುವುದು ಒಳ್ಳೆಯದು. ಮೇಲ್ಮೈಯಲ್ಲಿ ಮಾತ್ರ ಇರುವ ತುಕ್ಕು ಮೊದಲನೆಯದು. ಪದರ ಪದರವಾಗಿ ಎದ್ದು ಕುಳಿ ಬಿದ್ದಿದ್ದರೂ ತೂತಾಗದಿರುವುದು ಎರಡನೆಯದು. ತೂತಾದುದು, ಇಲ್ಲವೆ ಬೆರಳೊತ್ತಿಗೆ ಬಾಗುವಷ್ಟು ತೆಳುವಾದುದು ಮೂರನೆಯದು. ಒಂದೊಂದಕ್ಕೂ ಚಿಕಿತ್ಸೆ ಬೇರೆ.

ಉಜ್ಜುವುದು, ಕತ್ತರಿಸುವುದು, ಬೆಸೆಯುವುದು

ಮೊದಲ ಬಗೆಗೆ ತಂತಿಯ ಬ್ರಷ್ಷಿನಿಂದಲೂ ಒರಟು ಉಜ್ಜುಕಾಗದದಿಂದಲೂ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಒರೆಸಿ, ಅದೇ ದಿನ ಪ್ರೈಮರ್ ಬಳಿದರೆ ಸಾಕು. ಬೆತ್ತಲೆ ಲೋಹವನ್ನು ನಮ್ಮ ಹವೆಯಲ್ಲಿ ರಾತ್ರಿ ಕಳೆಯಲು ಬಿಡಬಾರದು.

ಎರಡನೆಯ ಬಗೆಯಲ್ಲಿ ಕುಳಿಗಳೊಳಗಿನ ತುಕ್ಕು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಅಲ್ಲಿ ತುಕ್ಕನ್ನು ಬೇರೊಂದು ಸ್ಥಿರ ವಸ್ತುವಾಗಿ ಮಾರ್ಪಡಿಸುವ ದ್ರಾವಣಗಳನ್ನು ಬಳಸುತ್ತಾರೆ. ಕೆಲವು ಫಾಸ್ಫಾರಿಕ್ ಆಮ್ಲದವು, ಕೆಲವು ಟ್ಯಾನಿಕ್ ಆಮ್ಲದವು. ಟ್ಯಾನಿನ್ ನಮಗೆ ಹೊಸದಲ್ಲ. ಹಸಿ ಅಡಿಕೆ ಸುಲಿದ ಕತ್ತಿ ಕಪ್ಪಾಗುವುದು, ಅಡಿಕೆ ಬೇಯಿಸಿದ ಚೊಗರು ಕಬ್ಬಿಣಕ್ಕೆ ತಾಗಿ ಮಸಿಯಾಗುವುದು, ಅಳಲೆಕಾಯಿಯಿಂದ ಹಿಂದಿನವರು ಶಾಯಿ ಮಾಡುತ್ತಿದ್ದುದು ಇವೆಲ್ಲ ಕಬ್ಬಿಣವೂ ಟ್ಯಾನಿನ್ನೂ ಕೂಡಿದ ಫಲ. ಹಾಗೆಂದು ಚೊಗರು ಬಳಿದು ಸುಮ್ಮನಾಗಬಾರದು. ಅಂಗಡಿಯ ದ್ರಾವಣದಲ್ಲಿ ಟ್ಯಾನಿನ್ ಜೊತೆಗೆ ಪೊರೆ ಕಟ್ಟುವ ಅಂಟುದ್ರವ್ಯವೂ ಇರುತ್ತದೆ, ಮತ್ತು ಅದರ ಮೇಲೆಯೂ ಬಣ್ಣದ ಹೊದಿಕೆ ಬೇಕೇ ಬೇಕು. ಸಡಿಲ ಪದರಗಳನ್ನು ಕೆರೆದು ತೆಗೆಯದೆ ಬಳಿದ ಯಾವ ದ್ರಾವಣವೂ ನಿಲ್ಲದು.

ಮೂರನೆಯ ಬಗೆಗೆ ಕತ್ತರಿಸುವುದೊಂದೇ ದಾರಿ. ತೂತಿನ ಅಂಚಿಗಷ್ಟೇ ಅಲ್ಲ, ಪೂರ್ಣ ದಪ್ಪದ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಬೇಕು. ಕೊಳೆರೋಗ ತಗುಲಿದ ಕೊನೆಯನ್ನು ಹಾಗೆಯೇ ಬಿಟ್ಟರೆ ರೋಗ ಹರಡುವುದೆಂದು ನಾವು ತೆಗೆಯುವುದಿಲ್ಲವೆ, ಇದೂ ಹಾಗೆಯೇ. ಎರಡು ಅಂಗುಲದ ತೂತಿಗೆ ಆರು ಅಂಗುಲ ಕತ್ತರಿಸಿದರೆ ಮಾಲೀಕನಿಗೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಸವೆದ ಲೋಹಕ್ಕೆ ಬೆಸುಗೆ ಹಿಡಿಯುವುದಿಲ್ಲ. ಹಿಡಿದರೂ ಅದರ ಪಕ್ಕದಲ್ಲೇ ಮತ್ತೆ ತೂತು ಬೀಳುತ್ತದೆ.

ಕತ್ತರಿಸಿದ ಜಾಗದ ಆಕಾರವನ್ನು ರಟ್ಟಿನಲ್ಲಿ ಬರೆದುಕೊಂಡು, ಅಷ್ಟೇ ದಪ್ಪದ ಹೊಸ ತಗಡಿನಲ್ಲಿ ತೇಪೆಯನ್ನು ಕತ್ತರಿಸಬೇಕು. ಮೂಲೆಗಳು ಚೂಪಾಗಿರದೆ ದುಂಡಗಿರಲಿ. ಚೂಪು ಮೂಲೆಯಲ್ಲಿ ಬಿರುಕು ಹುಟ್ಟುತ್ತದೆ. ಅಂಚಿಗೆ ಅಂಚು ಕೂಡಿಸಿ ಬೆಸೆಯುವುದು ಉತ್ತಮ. ಅನಿವಾರ್ಯವಾಗಿ ಒಂದರ ಮೇಲೊಂದು ಬರಬೇಕಾದರೆ ಮಾಡಿನ ಹಂಚಿನ ನಿಯಮವನ್ನು ನೆನೆಯಿರಿ: ಮೇಲಿನದು ಕೆಳಗಿನದರ ಹೊರಗೆ ಇಳಿಯಬೇಕು. ತಿರುವು ಮುರುವಾದರೆ ಆ ಸಂದು ನೀರು ಹಿಡಿಯುವ ಹರಣಿಯಾಗುತ್ತದೆ.

ಗೇಟು, ಕಿಟಕಿಗಳಿಗೆ ಬಳಸುವ ಕಡ್ಡಿಯ ವೆಲ್ಡಿಂಗ್ ತೆಳು ತಗಡನ್ನು ಸುಟ್ಟು ತೂತು ಮಾಡುತ್ತದೆ. ಪಳಗಿದ ಕೈಯ ಗ್ಯಾಸ್ ಬೆಸುಗೆ, ಇಲ್ಲವೆ ಈಗ ತಾಲ್ಲೂಕು ಕೇಂದ್ರಗಳಲ್ಲಿಯೂ ದೊರೆಯುವ ಕಾರ್ಬನ್ ಡೈಆಕ್ಸೈಡ್ ವೆಲ್ಡಿಂಗ್ ಇದಕ್ಕೆ ಸೂಕ್ತ. ಒಂದೇ ಸಮನೆ ಬೆಸೆಯುತ್ತ ಹೋದರೆ ಶಾಖಕ್ಕೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ನಮ್ಮ ಟಿಂಕರ್ ಒಂದಂಗುಲ ದೂರಕ್ಕೊಂದು ಚುಕ್ಕೆಯಿಟ್ಟು, ಎದುರು ಬದಿಗೆ ಹೋಗಿ ಇನ್ನೊಂದಿಟ್ಟು, ತಣಿಯಲು ಬಿಟ್ಟು, ಮತ್ತೆ ನಡುವಿನ ಜಾಗಗಳನ್ನು ತುಂಬುತ್ತ ಹೋದರು. ಒಂದು ಬಾಗಿಲಿಗೆ ಒಂದು ದಿನವೇ ಹಿಡಿಯಿತು. ಆ ತಾಳ್ಮೆಗೆ ನಾವು ಕೂಲಿ ಕೊಡಬೇಕು. ಅದನ್ನು ನಿಧಾನವೆಂದು ದೂರಬಾರದು.

ಎಚ್ಚರಿಕೆಯ ಮಾತುಗಳನ್ನು ಇಲ್ಲಿಯೇ ಹೇಳುತ್ತೇನೆ. ಬೆಸುಗೆಗೆ ಮೊದಲು ಬ್ಯಾಟರಿಯ ಸಂಪರ್ಕವನ್ನು ಕಳಚಬೇಕು. ಡೀಸೆಲ್ ಟ್ಯಾಂಕು, ಕೊಳವೆಗಳು ಹತ್ತಿರವಿದ್ದರೆ ಇಳಿಸಬೇಕು. ಬಕೆಟ್ಟಿನಲ್ಲಿ ಮರಳು ಸಿದ್ಧವಿರಬೇಕು. ಸತು ಲೇಪಿಸಿದ ತಗಡನ್ನು ಲೇಪ ಕೆರೆಯದೆ ಬೆಸೆದರೆ ಹೊಗೆಯಿಂದ ಚಳಿಜ್ವರ ಬರುತ್ತದೆ. ಹಳೆಯ ವಾಹನಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿರುವುದರಿಂದ ಬಾವಿಯ ಬಳಿ, ಮಕ್ಕಳ ಬಳಿ ಒಣ ಉಜ್ಜುವಿಕೆ ಸಲ್ಲದು. ಧೂಳನ್ನು ಕೂಡಿಸಿ ತೆಗೆಯಬೇಕು. ಗಟ್ಟಿಕಾರಕ ಬೆರೆಸಿ ಸಿಂಪಡಿಸುವ ಕೆಲವು ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದು ಆಸ್ತಮಾ ತರಬಲ್ಲುದು. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯದು. ಗ್ಯಾರೇಜಿನಲ್ಲಿ ಕಲಿಯುವ ಹುಡುಗನ ಶ್ವಾಸಕೋಶವೂ ಪರಿಸರದ ಭಾಗವೇ ಎಂಬುದನ್ನು ನಾವು ಮರೆಯಬಾರದು.

ನೀರಿಗೆ ದಾರಿ

ಬೆಸುಗೆ ಮುಗಿದೊಡನೆ ದುರಸ್ತಿ ಮುಗಿಯುವುದಿಲ್ಲ. ಬೆಸುಗೆಯ ಗೆರೆಯ ಹಿಂಬದಿಯಲ್ಲಿ ಬಣ್ಣ ಸುಟ್ಟು ಬೆತ್ತಲಾಗಿರುತ್ತದೆ. ಮೊದಲು ತುಕ್ಕು ಹಿಡಿಯುವುದು ಅಲ್ಲಿಯೇ. ಎರಡೂ ಬದಿಗೆ ಎಪಾಕ್ಸಿ ಪ್ರೈಮರ್, ಸಂದುಗಳಿಗೆ ಸೀಮ್ ಸೀಲರ್, ಆಮೇಲೆ ಬೇಕಿದ್ದಲ್ಲಿ ಎರಡು ಮೂರು ಮಿಲಿಮೀಟರ್ ಮೀರದ ಪುಟ್ಟಿ, ಕೊನೆಗೆ ಬಣ್ಣ. ಪುಟ್ಟಿಗೆ ನಾನು ವಿರೋಧಿಯಲ್ಲ. ಗಟ್ಟಿ ತಗಡಿನ ಸಣ್ಣ ತಗ್ಗನ್ನು ಸಮ ಮಾಡುವುದು ಅದರ ಕೆಲಸ, ಇಲ್ಲದ ತಗಡಿನ ಜಾಗದಲ್ಲಿ ನಿಲ್ಲುವುದು ಅದರ ಕೆಲಸವಲ್ಲ.

ಬಾಗಿಲಿನ ತಳದಲ್ಲಿ, ಹೊಸ್ತಿಲ ಪಟ್ಟಿಯಲ್ಲಿ ತಯಾರಕರು ನೀರು ಹೊರಹೋಗಲು ಸಣ್ಣ ರಂಧ್ರಗಳನ್ನು ಇಟ್ಟಿರುತ್ತಾರೆ. ಕೆಸರು, ಎಲೆಪುಡಿ ತುಂಬಿ ಅವು ಮುಚ್ಚಿದರೆ ಗಾಜಿನ ಸಂದಿನಿಂದ ಇಳಿದ ಮಳೆನೀರು ಬಾಗಿಲೊಳಗೇ ನಿಲ್ಲುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಂದು ಹಿಡಿಕಡ್ಡಿಯಿಂದ ಆ ರಂಧ್ರಗಳನ್ನು ಬಿಡಿಸಿದರೆ ಸಾಕು. ಇದಕ್ಕಿಂತ ಅಗ್ಗದ ದುರಸ್ತಿ ಇಲ್ಲ. ತೋಟದಲ್ಲಿ ಬಸಿಗಾಲುವೆ ತೋಡದೆ ಗೊಬ್ಬರ ಸುರಿದರೆ ಮರ ಉಳಿಯದು ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ವಾಹನಕ್ಕೂ ಬಸಿಗಾಲುವೆಯೇ ಮುಖ್ಯ, ಬಣ್ಣ ಅನಂತರದ್ದು.

ಟೊಳ್ಳು ಭಾಗಗಳ ಒಳಗೆ ಮೇಣದ ಲೇಪವನ್ನು ಸಿಂಪಡಿಸುವುದು ಒಳ್ಳೆಯ ಪದ್ಧತಿ. ನಮ್ಮಲ್ಲಿ ಅದರ ಬದಲು ಸುಟ್ಟ ಎಂಜಿನ್ ಆಯಿಲನ್ನು ಅಡಿಗೆಲ್ಲ ಎರಚುವ ರೂಢಿಯಿದೆ. ಇದನ್ನು ದಯವಿಟ್ಟು ಬಿಡಬೇಕು. ಮೊದಲ ಮಳೆಗೇ ಅದು ತೊಳೆದು ಹೋಗಿ ಹಳ್ಳ ಸೇರುತ್ತದೆ. ಅದರಲ್ಲಿ ಭಾರಲೋಹಗಳೂ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳೂ ಇರುತ್ತವೆ. ರಬ್ಬರ್ ಭಾಗಗಳನ್ನೂ ಅದು ಕೆಡಿಸುತ್ತದೆ. ವಾಹನವನ್ನು ಉಳಿಸಲು ಹೋಗಿ ಹಳ್ಳದ ಮೀನನ್ನು ಕೊಲ್ಲುವುದು ನಮಗೆ ಒಪ್ಪುವ ಲೆಕ್ಕವಲ್ಲ.

ನಿಲ್ಲಿಸುವ ಜಾಗವನ್ನೂ ಗಮನಿಸಬೇಕು. ಹುಲ್ಲಿನ ಮೇಲೆ, ಹಸಿ ಮಣ್ಣಿನ ಮೇಲೆ ನಿಂತ ವಾಹನದ ಅಡಿ ಎಂದೂ ಒಣಗುವುದಿಲ್ಲ. ಜಲ್ಲಿಯ ಇಲ್ಲವೆ ಚಿರೆಕಲ್ಲಿನ ನೆಲ, ಮೇಲೊಂದು ಮಾಡು, ನಾಲ್ಕೂ ಕಡೆ ಗಾಳಿ ಇವಿಷ್ಟು ಸಾಕು. ಪ್ಲಾಸ್ಟಿಕ್ ತಾಡಪಾಲು ಬಿಗಿದು ಕಟ್ಟುವುದು ರಕ್ಷಣೆಯಂತೆ ಕಂಡರೂ ಒಳಗೆ ಬೆವರು ಕಟ್ಟಿಸುತ್ತದೆ. ಗೊಬ್ಬರ ಇಳಿಸಿದ ದಿನವೇ ತೊಟ್ಟಿಯನ್ನು ಗುಡಿಸಿ, ಆಮೇಲೆ ತೊಳೆಯಬೇಕು. ಗುಡಿಸದೆ ತೊಳೆದರೆ ಮೈಲುತುತ್ತ ನೀರಿನೊಡನೆ ಹಳ್ಳಕ್ಕೆ ಇಳಿಯುತ್ತದೆ, ಜಲಚರಗಳಿಗೆ ತಾಮ್ರ ವಿಷ. ಮೈಲುತುತ್ತದ ಚೀಲಗಳ ಅಡಿಗೆ ಒಂದು ಪ್ಲಾಸ್ಟಿಕ್ ತಟ್ಟೆಯೋ ಡ್ರಮ್ಮಿನ ಅರ್ಧವೋ ಇದ್ದರೆ ತೊಟ್ಟಿಯೂ ಉಳಿಯುತ್ತದೆ, ಹಳ್ಳವೂ ಉಳಿಯುತ್ತದೆ.

ಎಲ್ಲಿ ನಿಲ್ಲಿಸಬೇಕು?

ಎಲ್ಲವನ್ನೂ ತೇಪೆ ಹಾಕಿ ಉಳಿಸಬಹುದೆಂದು ನಾನು ಹೇಳುತ್ತಿಲ್ಲ. ಚಾಸಿಯ ಉದ್ದನೆಯ ತೊಲೆಗಳು, ಸ್ಪ್ರಿಂಗ್ ಕಟ್ಟಿದ ಜಾಗ, ಕ್ಯಾಬಿನ್ ಕೂತ ಬುಡಗಳು, ಸೀಟ್ ಬೆಲ್ಟಿನ ನೆಲೆ, ಬ್ರೇಕಿನ ಕೊಳವೆ ಇವುಗಳಲ್ಲಿ ಆಳವಾದ ತುಕ್ಕು ಕಂಡರೆ ಅದು ಹಳ್ಳಿಯ ಟಿಂಕರಿನ ಕೆಲಸವಲ್ಲ. ಘಟ್ಟದ ತಿರುವಿನಲ್ಲಿ ತೇಪೆಯ ಚಾಸಿಯನ್ನು ನಂಬಿ ಇಳಿಯುವುದು ಸಾಹಸವಲ್ಲ, ಅವಿವೇಕ. ಕ್ಯಾಬಿನ್ನಿನ ನೆಲದ ತೂತನ್ನು ಕೂಡ ಹಗುರಾಗಿ ಕಾಣಬಾರದು. ಸೈಲೆನ್ಸರ್ ಸೋರುತ್ತಿದ್ದರೆ ಆ ತೂತಿನಿಂದ ಹೊಗೆ ಒಳಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮಳೆಗೆ ಗಾಜು ಏರಿಸಿಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವ ತಾಯಿಗೆ ಅದರ ಸುಳಿವೂ ಸಿಗದು.

ಎಂಟು ವರ್ಷ ದಾಟಿದ ಸಾರಿಗೆ ವಾಹನ ವರ್ಷಕ್ಕೊಮ್ಮೆ ಕ್ಷಮತಾ ಪರೀಕ್ಷೆಗೆ ಹೋಗಬೇಕೆಂಬ ನಿಯಮವನ್ನು ಕಿರುಕುಳವೆಂದು ಭಾವಿಸದೆ ನಮ್ಮ ಪ್ರಾಣಕ್ಕೆ ಸಂಬಂಧಿಸಿದ ತಪಾಸಣೆಯೆಂದು ಕಾಣಬೇಕು. ಮೈ ಗಟ್ಟಿಯಾದರೂ ಕಪ್ಪು ಹೊಗೆ ಉಗುಳುವ ಎಂಜಿನ್ನಿಗೆ ನಾನು ವಕಾಲತ್ತು ವಹಿಸುವುದಿಲ್ಲ. ಉಳಿಸಲಾಗದ ವಾಹನವನ್ನು ತೋಟದ ಅಂಚಿನಲ್ಲಿ ಕೊಳೆಯಲು ಬಿಡದೆ, 2021ರ ನಿಯಮಗಳಡಿ ನೋಂದಾಯಿತವಾದ ಗುಜರಿ ಕೇಂದ್ರಕ್ಕೆ ಒಪ್ಪಿಸಬೇಕು. ಕುಲುಮೆಗೆ ಮರಳಿದ ಕಬ್ಬಿಣ ಮತ್ತೆ ಕಬ್ಬಿಣವಾಗುತ್ತದೆ; ತುಕ್ಕಾಗಿ ಹಳ್ಳಕ್ಕೆ ಹರಿದುದು ಮರಳುವುದಿಲ್ಲ.

ಕಬ್ಬಿಣ ಬರುವುದು ಎಲ್ಲಿಂದ?

ಒಂದು ಟನ್ ಉಕ್ಕನ್ನು ಅದಿರಿನಿಂದ ತಯಾರಿಸಲು ಸುಮಾರು ಒಂದೂವರೆ ಟನ್ ಅದಿರು, ಮುಕ್ಕಾಲು ಟನ್ನಿನಷ್ಟು ಕಲ್ಲಿದ್ದಲು ಬೇಕು. ಸುಮಾರು ಎರಡು ಟನ್ ಕಾರ್ಬನ್ ಡೈಆಕ್ಸೈಡ್ ವಾತಾವರಣಕ್ಕೆ ಸೇರುತ್ತದೆ. ಅದಿರು ಆಕಾಶದಿಂದ ಇಳಿಯುವುದಿಲ್ಲ. ಯಾವುದೋ ಬೆಟ್ಟದಿಂದ ಬರುತ್ತದೆ. ಕುದುರೆಮುಖದ ಗಣಿಗಾರಿಕೆಯನ್ನು ನಿಲ್ಲಿಸಬೇಕೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿ, 2005ರ ಕೊನೆಯಲ್ಲಿ ಅದು ನಿಂತಾಗ ನಾವು ಸಂತೋಷಪಟ್ಟೆವು. ಭದ್ರೆಗೆ ಇಳಿಯುತ್ತಿದ್ದ ಹೂಳನ್ನು ಕಂಡವರಿಗೆ ಆ ಸಂತೋಷ ಸಹಜವಾದುದು. ಆದರೆ ನಮ್ಮ ಬೆಟ್ಟ ಉಳಿಯಿತು, ಸಂಡೂರಿನದೋ ಬೈಲಾಡಿಲದ್ದೋ ಕರಗಲಿ ಎಂದರೆ ಅದು ನ್ಯಾಯವಾದ ಮಾತಾಗದು. ಬೆಟ್ಟವನ್ನು ಅಗೆಯಬಾರದೆನ್ನುವವರು ಅಗೆದು ತಂದ ಕಬ್ಬಿಣವನ್ನು ಗೌರವದಿಂದ ಬಳಸಬೇಕು. ನಮ್ಮ ಪಿಕಪ್ಪಿಗೆ ಹೊಸದಾಗಿ ಬೇಕಾದ ತಗಡು ಇಪ್ಪತ್ತು ಕಿಲೋ ಮಾತ್ರ. ಅಷ್ಟರಿಂದ ಒಂದೂವರೆ ಟನ್ನಿಗೂ ಹೆಚ್ಚು ತೂಕದ ಯಂತ್ರವೊಂದು ಇನ್ನೂ ಕೆಲವು ವರ್ಷ ದುಡಿಯುವಂತಾಯಿತು.

ಕೊಡಚಾದ್ರಿಯನ್ನು ಹತ್ತಿದವರು ಅಲ್ಲಿನ ಮೂಕಾಂಬಿಕೆಯ ಮೂಲಸ್ಥಾನದ ಗುಡಿಯ ಮುಂದಿರುವ ಕಬ್ಬಿಣದ ಸ್ತಂಭವನ್ನು ನೋಡಿರುತ್ತೀರಿ. ಲೋಹವಿಜ್ಞಾನಿ ಟಿ. ಆರ್. ಅನಂತರಾಮನ್ ಅವರು 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದು ವಿಜ್ಞಾನಲೋಕದ ಗಮನ ಸೆಳೆದರು. ದೆಹಲಿಯ ಸ್ತಂಭ ಸುಮಾರು 1,600 ವರ್ಷಗಳಿಂದ ನಿಂತಿರುವುದಕ್ಕೆ ಅದರ ಕಬ್ಬಿಣದಲ್ಲಿರುವ ರಂಜಕದಿಂದ ಮೂಡಿದ ರಕ್ಷಾಪೊರೆ ಕಾರಣವೆಂದು ಕಾನ್ಪುರದ ಐಐಟಿಯ ಆರ್. ಬಾಲಸುಬ್ರಮಣಿಯಂ ಅವರು ವಿವರಿಸಿದರು. ಅಂತಹ ಲೋಹ ನಮ್ಮ ಬಾಗಿಲಿನ ತಗಡಿನಲ್ಲಿಲ್ಲ. ಆದರೆ ಸ್ತಂಭಗಳಿಂದ ಕಲಿಯಬಹುದಾದ ಇನ್ನೊಂದು ಪಾಠವಿದೆ: ಅವುಗಳಲ್ಲಿ ನೀರು ಅವಿತು ಕೂರುವ ಮಡಿಕೆಯಿಲ್ಲ. ಮಳೆ ಬೀಳುತ್ತದೆ, ಇಳಿಯುತ್ತದೆ, ಗಾಳಿ ಒಣಗಿಸುತ್ತದೆ.

ಕೊನೆಯದಾಗಿ ಒಂದು ಸಲಹೆ. ನಮ್ಮ ಊರಿನ ಟಿಂಕರ್ ವಯಸ್ಸು ಅರವತ್ತು ದಾಟಿದೆ. ಅವರ ಕೆಳಗೆ ಕಲಿಯುವ ಹುಡುಗರಿಲ್ಲ. ಸುತ್ತಲಿನ ಊರುಗಳಲ್ಲೂ ಸ್ಥಿತಿ ಇದೇ. ಆ ಕೈಗಳು ನಿಂತರೆ ತಗಡು ತೂತಾದ ದಿನವೇ ವಾಹನ ಗುಜರಿಗೆ ಹೋಗುತ್ತದೆ. ಸಾಲ ಮಾಡಿ ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದ ಮನೆಗಳು ಮಳೆಗಾಲದಲ್ಲಿ ಮತ್ತೆ ಒಂಟಿಯಾಗುತ್ತವೆ. ಆದ್ದರಿಂದ ಈ ವರ್ಷ ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಊರಿನ ವಾಹನಗಳನ್ನೆಲ್ಲ ಶಾಲೆಯ ಬಯಲಿಗೆ ತರೋಣ. ವಿದ್ಯಾರ್ಥಿಗಳು ಅಯಸ್ಕಾಂತವನ್ನೂ ಹಿಡಿಕಡ್ಡಿಯನ್ನೂ ತರಲಿ, ಹಿರಿಯರು ಟಿಂಕರನ್ನು ಗೌರವದಿಂದ ಕರೆಸಲಿ. ರಂಧ್ರಗಳನ್ನು ಬಿಡಿಸಿ, ತುಕ್ಕನ್ನು ಗುರುತು ಹಾಕಿ, ಯಾವುದನ್ನು ಉಜ್ಜಬೇಕು, ಯಾವುದನ್ನು ಕತ್ತರಿಸಬೇಕು, ಯಾವುದನ್ನು ಬಿಡಬೇಕು ಎಂಬ ಪಟ್ಟಿಯನ್ನು ಪ್ರತಿ ಮನೆಗೂ ಬರೆದುಕೊಡೋಣ. ಬೇಸಿಗೆಯ ರಜೆಯಲ್ಲಿ ಇಬ್ಬರು ಹುಡುಗರೋ ಹುಡುಗಿಯರೋ ಆ ಹಿರಿಯರ ಕೈಕೆಳಗೆ ಕೆಲಸ ಕಲಿಯಲು ಮುಂದಾದರೆ ಈ ಉಪನ್ಯಾಸ ಸಾರ್ಥಕವಾಯಿತೆಂದು ತಿಳಿಯುತ್ತೇನೆ.